ಸ್ಮಾರಕ ಶಿಲೆಗಳು: ವೀರಗಲ್ಲು, ಮಾಸ್ತಿಗಲ್ಲು, ನಿಸಿದಿ

ಸತ್ತವರಿಗೆ ಕಲ್ಲು ನಿಲ್ಲಿಸುವ ರೂಢಿ ಕನ್ನಡ ನಾಡಿನಲ್ಲಿ ಅಕ್ಷರಕ್ಕಿಂತ ಹಳೆಯದು. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದಲ್ಲಿ ಚಪ್ಪಡಿಗಳನ್ನು ಜೋಡಿಸಿ ಕಟ್ಟಿದ ನೂರಾರು ಶಿಲಾ ಸಮಾಧಿಗಳಿವೆ. ಜನ ಅವನ್ನು ಮೋರ್ಯರ ಮನೆಗಳೆಂದು ಕರೆದು ಸುಮ್ಮನಾಗಿದ್ದಾರೆ. ಸತ್ತವರು ಯಾರೆಂದು ಆ ಕಲ್ಲುಗಳು ಹೇಳುವುದಿಲ್ಲ.

ಹೇಳತೊಡಗಿದ್ದು ವೀರಗಲ್ಲು. ಇದು ಗೋರಿಯಲ್ಲ, ಅಡಿಯಲ್ಲಿ ದೇಹವಿರಬೇಕೆಂದಿಲ್ಲ. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ, ನೆತ್ತಿಯಲ್ಲಿ ಸೂರ್ಯಚಂದ್ರರು. ತುರುಗೊಳ್ (ದನಗಳ ಅಪಹರಣ), ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಣ್ಣಿನ ಮೊರೆ) ಎಂಬ ಮಾತುಗಳು ಇವುಗಳ ಬರಹದಲ್ಲಿ ಮತ್ತೆ ಮತ್ತೆ ಬರುತ್ತವೆ. ಮಡಿದವರಲ್ಲಿ ಹೆಚ್ಚಿನವರು ಅರಸರಲ್ಲ, ದನ ಬಿಡಿಸಲು ಹೋದ ಊರಿನವರು.

ವೀರಗಲ್ಲು ಮನುಷ್ಯರಿಗೇ ಎಂದೂ ಇಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ (ಸುಮಾರು ಕ್ರಿ.ಶ. 949-50) ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಕಾಳಿ ಎಂಬ ನಾಯಿಯನ್ನು ಕೊಡುತ್ತಾನೆ. ಅದು ಕಾಡುಹಂದಿಯೊಡನೆ ಸೆಣಸಿ, ಎರಡೂ ಸಾಯುತ್ತವೆ. ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ (ಶೈವ ಪೂಜಾರಿಗೆ) ಪಾಪ ತಟ್ಟುವುದೆಂಬ ಕಟ್ಟಳೆಯೂ ಇದೆ. ಚೋಳ ರಾಜಾದಿತ್ಯನ ವಧೆಯನ್ನು ಹೇಳುವ ಅದೇ ಕಲ್ಲಿನಲ್ಲಿ ನಾಯಿಯ ಸಾವಿಗೂ ಜಾಗ ಸಿಕ್ಕಿದೆ.

ಮಾಸ್ತಿಗಲ್ಲು ಸಹಗಮನ ಮಾಡಿದವಳದು. ಮಹಾಸತಿ ಎಂಬುದೇ ಆಡುಮಾತಿನಲ್ಲಿ ಮಾಸ್ತಿಯಾಯಿತು. ಕಂಬದಿಂದ ಚಾಚಿದ ತೋಳು, ಕೈಯಲ್ಲಿ ನಿಂಬೆಹಣ್ಣು, ಒಡೆಯದ ಬಳೆ. ಬಳೆ ಒಡೆಯದಿರುವುದೇ ಇಲ್ಲಿನ ಮುಖ್ಯ ಮಾತು: ವಿಧವೆಯಾಗದೆ ಹೋದವಳು ಎಂದರ್ಥ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ದೇಕಬ್ಬೆಯ ಶಾಸನವಿದೆ. ಗಂಡ ಏಚ ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾದಾಗ, ಬಂಧುಗಳು ತಡೆದರೂ ಕೇಳದೆ ಆಕೆ ಕೊಂಡ ಹೊಕ್ಕಳು. ಕಲ್ಲು ನಿಲ್ಲಿಸಿದವನು ತಂದೆ ರವಿಗ. ಶಾಸನಕವಿ ಮಗಳ ಛಲವನ್ನು ಹೊಗಳುತ್ತಾನೆ. ತಡೆದ ಕೈಗಳ ಸಂಕಟ ಓದುಗನೇ ಕಾಣಬೇಕು. ಇಂದು ಇಂಥ ಎಷ್ಟೋ ಕಲ್ಲುಗಳಿಗೆ ಊರವರು ಮಾಸ್ತಮ್ಮನೆಂದು ಅರಿಸಿನ ಕುಂಕುಮವಿಡುತ್ತಾರೆ, ಸತ್ತವಳ ಹೆಸರು ಯಾರಿಗೂ ಬೇಡ.

ಜೈನರ ನಿಸಿದಿಯ ರೀತಿ ಬೇರೆ. ಅನ್ನನೀರು ತೊರೆದು ಸಲ್ಲೇಖನದಿಂದ ದೇಹ ಬಿಟ್ಟವರ ನೆನಪು ಇದು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು 600ರಿಂದಲೇ ಇಂಥ ಬರಹಗಳಿವೆ. ಗಂಗರ ಮಾರಸಿಂಹ 974ರಲ್ಲಿ ಬಂಕಾಪುರದಲ್ಲಿ, ರಾಷ್ಟ್ರಕೂಟರ ನಾಲ್ಕನೆಯ ಇಂದ್ರ 982ರಲ್ಲಿ ಬೆಳಗೊಳದಲ್ಲಿ ಹೀಗೆ ಮುಡಿಪಿದರು. ರಾಗದ್ವೇಷ ಕಳೆದು ಸಾಯುವುದೇ ಈ ವ್ರತದ ಗುರಿಯಾದ್ದರಿಂದ ಅಳುವಿಗೆ ಇಲ್ಲಿ ಎಡೆಯಿಲ್ಲ. ಆದರೂ ಒಂದು ಶಾಸನದಲ್ಲಿ ಅದು ನುಸುಳಿದೆ. ಹೊಯ್ಸಳ ರಾಣಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಾಗ, ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು.