ಉಷ್ಣಾಘಾತ

ದೇಹದ ಒಳತಾಪ ಸುಮಾರು 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಿದುಳಿನ ಕೆಲಸ ಹದಗೆಡುವ ತುರ್ತುಸ್ಥಿತಿ. ಹೀಟ್ ಸ್ಟ್ರೋಕ್ ಎಂಬ ಹೆಸರೂ ರೂಢಿಯಲ್ಲಿದೆ. ಆಡುಮಾತಿನಲ್ಲಿ ಬಿಸಿಲು ಬಡಿಯುವುದು, ಝಳ ಹೊಡೆಯುವುದು. ಮೈಮೇಲೆ ಬಿಸಿಲು ಬೀಳದಿದ್ದರೂ ಇದು ಬರಬಹುದು: ತಗಡಿನ ಮಾಡಿನಡಿ ಮಲಗಿದ ವೃದ್ಧರಿಗೆ, ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಉಳಿದ ಮಗುವಿಗೆ.

ಬೆವರು ಆರಿದಾಗಲೇ ಮೈ ತಂಪಾಗುವುದು. ಹಾಗಾಗಿ 42 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಒಣ ಬೇಸಿಗೆಯಷ್ಟೇ ಮಂಗಳೂರು, ಕಾರವಾರದ ಸೆಕೆಯೂ ದುಡಿಯುವವರಿಗೆ ಕಂಟಕ. ಅಲ್ಲಿ ಬೆವರು ತೊಟ್ಟಿಕ್ಕುತ್ತದೆ, ಆರುವುದಿಲ್ಲ. ಭಾರತೀಯ ಹವಾಮಾನ ಇಲಾಖೆ ಬಿಸಿಗಾಳಿಯ ಲೆಕ್ಕಕ್ಕೆ ಬಯಲು ಪ್ರದೇಶಕ್ಕೆ ಕನಿಷ್ಠ 40, ಕರಾವಳಿಗೆ 37 ಡಿಗ್ರಿಯ ಮಿತಿ ಇಟ್ಟುಕೊಂಡಿದೆ.

ಇದಕ್ಕಿಂತ ಸೌಮ್ಯವಾದದ್ದು ಉಷ್ಣದ ಬಳಲಿಕೆ. ತಲೆಸುತ್ತು, ವಾಕರಿಕೆ, ಮೀನಖಂಡದ ಸೆಳೆತ, ವಿಪರೀತ ಬೆವರು ಇರುತ್ತವೆ, ಆದರೆ ಮಾತು ನೆಟ್ಟಗಿರುತ್ತದೆ. ನೆರಳು, ವಿಶ್ರಾಂತಿ, ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆಯಿಂದ ಹೆಚ್ಚಿನವರು ಸುಧಾರಿಸಿಕೊಳ್ಳುತ್ತಾರೆ.

ಗಡಿ ದಾಟಿದ್ದು ಗೊತ್ತಾಗುವುದು ಮಾತಿನಿಂದ. ಹೊಲದಲ್ಲಿ ಚೆನ್ನಾಗಿಯೇ ಇದ್ದವರು ಹೆಸರು ಹಿಡಿದು ಕೂಗಿದರೆ ಏನೋ ಸಂಬಂಧವಿಲ್ಲದ್ದನ್ನು ಬಡಬಡಿಸುತ್ತಾರೆ, ಹೆಜ್ಜೆ ತಪ್ಪುತ್ತಾರೆ, ತಲೆಗೆ ಕಟ್ಟಿದ ಟವೆಲಿನ ಗಂಟು ಬಿಚ್ಚಲಾಗದೆ ತಡಕಾಡುತ್ತಾರೆ. ಕುಡಿದಿರಬೇಕೆಂದು ಮರದಡಿ ಮಲಗಿಸಿ ಹೋದರೆ ಪ್ರಾಣಕ್ಕೇ ಸಂಚಕಾರ. ಚರ್ಮ ಒಣಗಿರಲೇಬೇಕೆಂಬ ನಂಬಿಕೆಯೂ ಅಷ್ಟೇ ಅಪಾಯಕಾರಿ. ದುಡಿಯುತ್ತಲೇ ಕುಸಿದವರ ಅಂಗಿ ಬೆವರಿನಿಂದ ತೊಪ್ಪೆಯಾಗಿರಬಹುದು.

108ಕ್ಕೆ ಕರೆ ಮಾಡಬೇಕು, ಆದರೆ ಆಂಬ್ಯುಲೆನ್ಸ್ ಬರಲೆಂದು ಕಾಯುತ್ತ ಕೂರಬಾರದು. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಸುರಿದು, ಜೋರಾಗಿ ಗಾಳಿ ಹಾಕಬೇಕು. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಬಹುದು. ದುಡಿಯುತ್ತ ಕುಸಿದ ಗಟ್ಟಿಮುಟ್ಟಾದವರನ್ನು ತಲೆ ಎತ್ತಿ ಹಿಡಿದು ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸುವುದು ಎಲ್ಲಕ್ಕಿಂತ ವೇಗದ ದಾರಿ. ಅರ್ಧ ಗಂಟೆಯೊಳಗೆ ಒಳತಾಪ 39ರ ಕೆಳಗಿಳಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ಪ್ರಜ್ಞೆ ಮಂಕಾದವರ ಬಾಯಿಗೆ ನೀರು ಹಾಕಿದರೆ ಶ್ವಾಸಕೋಶಕ್ಕೆ ಇಳಿದೀತು.

ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು. ಜ್ವರದಲ್ಲಿ ಮಿದುಳೇ ತಾಪದ ಗುರಿಯನ್ನು ಏರಿಸಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಉಷ್ಣಾಘಾತದಲ್ಲಿ ಆ ಗುರಿ ಏರಿರುವುದೇ ಇಲ್ಲ. ಬೆಂದು ಬಳಲಿದ ಯಕೃತ್ತಿಗೆ ಮಾತ್ರೆ ಇನ್ನೊಂದು ಹೊರೆ. ಯಕೃತ್ತು, ಮೂತ್ರಪಿಂಡಗಳ ಹಾನಿ ಒಂದೆರಡು ದಿನ ತಡವಾಗಿ ಕಾಣಬಹುದಾದ್ದರಿಂದ, ಎಚ್ಚರಗೊಂಡು ಮಾತಾಡಿದವರನ್ನೂ ಆಸ್ಪತ್ರೆಯಲ್ಲಿರಿಸಿ ರಕ್ತಪರೀಕ್ಷೆ ಮುಂದುವರಿಸುತ್ತಾರೆ.