ಅಂಕಿತ, ದೀಕ್ಷೆ, ಸವಾಲು: ಜತ್ತ ಸೀಮೆಯಿಂದ ಕಂಡ ಶಾಸ್ತ್ರಾರ್ಥದ ಜಗಳ

ಜತ್ತ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ತಾಲೂಕು. ಈ ಸೀಮೆಯಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಪಕ್ಕದ ವಿಜಾಪುರ ಮೈಸೂರಿನ ಕಡೆಗೆ ಹೋದಾಗ ಜತ್ತ ಗಡಿಯ ಈಚೆ ಉಳಿಯಿತು. ಆದರೆ ದೇವರು, ಪುರಾಣ, ಭಜನೆ ಯಾವುವೂ ಆ ಗೆರೆಯನ್ನು ಗಣಿಸಲಿಲ್ಲ. ಇದೇ ತಾಲೂಕಿನ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ವಿಜಾಪುರ, ಬಾಗಲಕೋಟೆ ಕಡೆಯಿಂದ ಜನ ಇಂದಿಗೂ ನಡೆದು ಬರುತ್ತಾರೆ.

ದಾನಮ್ಮ ಯಾರು? ನಡೆದು ಬಂದವರಿಗೆ ಆಕೆ ದೇವಿ; ಹರಕೆ ಹೊತ್ತು ಬಂದು ಉಡಿ ತುಂಬುತ್ತಾರೆ. ಶರಣರ ಕಥೆಗಳಲ್ಲಿ ಆಕೆ ಇದೇ ಸೀಮೆಯ ಉಮರಾಣಿಯ ಲಿಂಗಮ್ಮ. ಕಲ್ಯಾಣಕ್ಕೆ ಹೋಗಿ, ದಾಸೋಹದಿಂದ ಹೆಸರಾಗಿ, ಬಸವಣ್ಣನವರಿಂದ ದಾನಮ್ಮ ಎನಿಸಿಕೊಂಡ ಶರಣೆ. ದೇವಿಗೆ ಗುಡಿ ಬೇಕು. ಶರಣೆಗೆ ಗುಡಿ ಕಟ್ಟಿದರೆ ಶರಣತತ್ವಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ಏಳಬೇಕು. ಆದರೆ ಪಾದಯಾತ್ರೆಯ ದಾರಿಯಲ್ಲಿ ಅದು ಏಳುವುದಿಲ್ಲ. ಎರಡು ಅರ್ಥಗಳು ಒಂದೇ ಬುತ್ತಿಯಲ್ಲಿ ಕಟ್ಟಿಕೊಂಡ ರೊಟ್ಟಿ, ಹಿಂಡಿಯಂತೆ ಜೊತೆಗೆ ಸಾಗುತ್ತವೆ. ಹಾಗಾದರೆ ಬೇರೆ ಕಡೆ ಶಾಸ್ತ್ರದ ಅರ್ಥಕ್ಕಾಗಿ ಜನ ಜಗಳಾಡುವುದು ಏಕೆ?

ಸಾಮಾನ್ಯವಾಗಿ ಕೊಡುವ ಉತ್ತರ, ಪಠ್ಯ ಅಸ್ಪಷ್ಟವಾಗಿರುತ್ತದೆ, ಅದಕ್ಕೇ ಜಗಳ ಎಂಬುದು. ಕನ್ನಡದ ಉದಾಹರಣೆ ಈ ಉತ್ತರಕ್ಕೆ ಒಪ್ಪುವುದಿಲ್ಲ. ವಚನಗಳಲ್ಲೆಲ್ಲ ಅತ್ಯಂತ ಕಠಿಣವಾದವು ಬೆಡಗಿನ ವಚನಗಳು. ಅಲ್ಲಮನ ಬೆಡಗುಗಳಿಗೆ ಹಲವು ಟೀಕೆಗಳು ಹುಟ್ಟಿವೆ, ಅವು ಒಂದನ್ನೊಂದು ಒಪ್ಪುವುದೂ ಇಲ್ಲ. ಆದರೂ ಬೆಡಗಿನ ಅರ್ಥ ತಪ್ಪು ಹೇಳಿದನೆಂದು ಯಾರ ಮೇಲೂ ಯಾರೂ ದಾವೆ ಹೂಡಿದ್ದನ್ನು ನಾನು ಕೇಳಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಯಾವ ಮಗುವಿಗೂ ತಿಳಿಯುವ ಒಂದು ಪದ: ಕೂಡಲಸಂಗಮದೇವ.

ಮಾತೆ ಮಹಾದೇವಿಯವರು 1996ರಲ್ಲಿ ಪ್ರಕಟಿಸಿದ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದರು. ಕರ್ನಾಟಕ ಸರ್ಕಾರ 1998ರಲ್ಲಿ, ಅನುಯಾಯಿಗಳ ಧಾರ್ಮಿಕ ಭಾವನೆಗೆ ಘಾಸಿಯಾಗುತ್ತದೆಂಬ ಕಾರಣಕ್ಕೆ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಹೈಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ತಳ್ಳಿಹಾಕಿತು. ಹತ್ತೊಂಬತ್ತು ವರ್ಷದ ವ್ಯಾಜ್ಯ. ಬದಲಾವಣೆಯ ಹಿಂದಿನ ತರ್ಕ ಹುರುಳಿಲ್ಲದ್ದೇನಲ್ಲ: ಸ್ಥಾವರವನ್ನು ನಿರಾಕರಿಸಿ ಅಂಗೈಯ ಇಷ್ಟಲಿಂಗವನ್ನು ಹಿಡಿದ ಬಸವಣ್ಣ, ಹೊಳೆಗಳು ಕೂಡುವ ಒಂದು ಊರಿನ ಗುಡಿಯ ದೇವರ ಹೆಸರಿಗೆ ತನ್ನ ಮಾತನ್ನೆಲ್ಲ ಒಪ್ಪಿಸುವುದು ಹೇಗೆ? ಎದುರು ಪಕ್ಷದ ಮಾತು ಇನ್ನೂ ಸರಳ: ಅದು ನಿಮ್ಮ ಹೆಸರಲ್ಲ, ತಿದ್ದಲು ನೀವು ಯಾರು?

ಜಗಳದ ಬೀಜ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಅಂಕಿತ ವಚನದ ಅರ್ಥದ ಭಾಗವಲ್ಲ, ಅದು ರುಜು. ಅದನ್ನು ಮುಟ್ಟುವುದೆಂದರೆ ದಸ್ತಾವೇಜಿನ ಕೆಳಗಿನ ಸಹಿಯನ್ನು ಮುಟ್ಟಿದಂತೆ. ಜನ ಹೊಡೆದಾಡುವುದು ಪಠ್ಯದಲ್ಲಿ ತಿಳಿಯದ ಜಾಗಕ್ಕಾಗಿ ಅಲ್ಲ. ಪಠ್ಯ ಏನನ್ನಾದರೂ ಇತ್ಯರ್ಥ ಮಾಡುವ ಜಾಗಕ್ಕಾಗಿ. ಯಾರಿಗೆ ದೀಕ್ಷೆ, ಯಾರ ಕೈಯಲ್ಲಿ ಪೂಜೆ, ಯಾವ ಹೆಸರು, ಯಾರು ಒಳಗೆ, ಯಾರು ಹೊರಗೆ ಎಂಬವು ಅಂಥ ಜಾಗಗಳು.

ಅಂಕಿತಕ್ಕೆ ದಸ್ತಾವೇಜಿನ ಬಿಗಿ ಬಂದದ್ದು ಅಚ್ಚಿನ ಕಾಲದಲ್ಲಿ. ಅದಕ್ಕೂ ಜತ್ತಿನ ನೆರೆಯ ವಿಜಾಪುರಕ್ಕೂ ನಂಟಿದೆ. ಅಲ್ಲಿ ವಕೀಲಿ ಮಾಡುತ್ತಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಊರೂರು ತಿರುಗಿ ತಾಡವೋಲೆ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುಮಾಡಿದರು. ವಚನಗಳನ್ನು ವಿಷಯವಾರು ವಿಂಗಡಿಸಿದ ಆ ಕ್ರಮದಲ್ಲಿ ವಕೀಲರ ಕೈವಾಡ ಕಾಣುತ್ತದೆ ಎಂದು ನನಗೆ ಅನಿಸುತ್ತದೆ: ಸಾಕ್ಷಿಗಳನ್ನು ಅಂಶವಾರು ಜೋಡಿಸಿಟ್ಟ ಕಡತದಂತೆ. ‘ಶಾಸ್ತ್ರ’ ಎಂಬ ಮಾತೂ ಆ ಶೀರ್ಷಿಕೆಯಲ್ಲಿ ಸುಮ್ಮನೆ ಬಂದಿರಲಿಕ್ಕಿಲ್ಲ. ಹಾಡಿಕೊಂಡು, ಓದಿಕೊಂಡು ಬಂದ ಸೊಲ್ಲುಗಳು ಇನ್ನು ಮುಂದೆ ಆಧಾರವಾಗಿ ತೋರಿಸಬಹುದಾದ ಗ್ರಂಥ ಎಂಬ ಘೋಷಣೆ ಅದರಲ್ಲಿದೆ. ಮುಂದೆ 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವೇ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಾಗ ಆ ಘೋಷಣೆಗೆ ರಾಜಮುದ್ರೆಯೂ ಬಿತ್ತು. ಅದೇ ಕಲಬುರ್ಗಿಯವರು 1989ರಲ್ಲಿ ತಮ್ಮ ‘ಮಾರ್ಗ’ ಸಂಪುಟದ ಲೇಖನಗಳಿಗಾಗಿ ಮಠದ ಕಟ್ಟೆಯೆದುರು ತಮ್ಮ ಮಾತು ಹಿಂತೆಗೆದುಕೊಳ್ಳಬೇಕಾಗಿ ಬಂದಿತ್ತು.

ಅಚ್ಚಿಗೆ ಮೊದಲು ತಕರಾರುಗಳು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇದ್ದವು, ಆದರೆ ಅವುಗಳ ಪರಿಹಾರದ ರೀತಿ ಬೇರೆ. ಇದಕ್ಕೆ ಜತ್ತ ಸೀಮೆಯವರಿಗೆ ಹತ್ತಿರದ ನಿದರ್ಶನ ಸೊನ್ನಲಿಗೆಯ, ಅಂದರೆ ಸೋಲಾಪುರದ, ಸಿದ್ಧರಾಮ. ಕೆರೆ ಕಟ್ಟಿಸಿದವನು, ಲಿಂಗಗಳನ್ನು ಸ್ಥಾಪಿಸಿದವನು, ‘ಕಪಿಲಸಿದ್ಧಮಲ್ಲಿಕಾರ್ಜುನ’ ಅಂಕಿತದ ವಚನಕಾರ. ಸ್ಥಾವರದ ಈ ಕರ್ಮಯೋಗಿಯನ್ನು ಅಲ್ಲಮ ಕಲ್ಯಾಣಕ್ಕೆ ಕರೆತರುತ್ತಾನೆ. ಅಲ್ಲಿ ಅವನಿಗೆ ಇಷ್ಟಲಿಂಗ ದೀಕ್ಷೆ ಆಯಿತೇ? ಆಗದಿದ್ದರೆ ಅನುಭವಮಂಟಪದಲ್ಲಿ ಅವನು ಕೂತದ್ದು ಯಾವ ಅಧಿಕಾರದಿಂದ? ಆಯಿತೆಂದರೆ, ಅದಕ್ಕೆ ಮೊದಲಿನ ಅವನ ಸಿದ್ಧಿಗೆ ಬೆಲೆಯೇನು? ಹದಿನೈದನೆಯ ಶತಮಾನದಿಂದ ಹುಟ್ಟಿದ ಶೂನ್ಯಸಂಪಾದನೆಗಳು ಈ ವಿಷಯದಲ್ಲಿ ಒಂದೇ ದಾರಿ ಹಿಡಿಯಲಿಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಈ ನಾಲ್ವರೂ ಬಹುಮಟ್ಟಿಗೆ ಅವೇ ವಚನಗಳನ್ನು ಎದುರಿಗಿಟ್ಟುಕೊಂಡು ಬೇರೆಬೇರೆ ನಾಟಕ ಕಟ್ಟಿದರು.

ಗಮನಿಸಬೇಕಾದದ್ದು, ಹಿಂದಿನವನ ಸಂಪಾದನೆ ಒಪ್ಪಿಗೆಯಾಗದವನು ಅದನ್ನು ಸುಡಿಸಲಿಲ್ಲ, ಇನ್ನೊಂದು ಸಂಪಾದನೆ ಬರೆದ. ಓಲೆಕಟ್ಟು ಓಲೆಕಟ್ಟಿನ ಪಕ್ಕದಲ್ಲಿ ಮಠದ ಗೂಡಿನಲ್ಲಿ ಕೂತಿತು. ಇದನ್ನು ಉದಾರತೆ ಎಂದು ಕೊಂಡಾಡುವ ಅವಸರ ಬೇಡ. ಓಲೆಯನ್ನು ಪ್ರತಿ ಮಾಡುವವನು ಮುಟ್ಟುತ್ತಿದ್ದ ಓದುಗರು ಕೆಲವರೇ. ಸೋತವನಿಗೆ ಹೋಗುವ ಮಾನ ಕೂಡ ಅಷ್ಟೇ ಚಿಕ್ಕದು. ಒಂದೇ ದಿನ ಸಾವಿರ ಪ್ರತಿ ಹೊರಬಂದು ಎಲ್ಲರ ಕೈಗೂ ಸಿಕ್ಕಾಗ, ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಸುಮ್ಮನಿರುವುದು ಯಾರಿಗೂ ಸಾಕೆನಿಸಲಿಲ್ಲ.

ಸಂಸ್ಕೃತದ ‘ಸಿದ್ಧಾಂತ ಶಿಖಾಮಣಿ’ಯ ಕತೆಯೂ ಇದಕ್ಕೆ ಹೊರತಲ್ಲ. ರೇಣುಕ, ಅಗಸ್ತ್ಯರ ಸಂವಾದವಾಗಿರುವ ಅದರೊಳಗಿನ ತತ್ವದ ಬಗ್ಗೆ ನಡೆದ ಚರ್ಚೆ ಕಡಿಮೆ. ಅದರ ಕಾಲ ವಚನಗಳಿಗಿಂತ ಹಿಂದಿನದೋ ಮುಂದಿನದೋ ಎಂಬುದರ ಮೇಲೆ ನಡೆದ ಚರ್ಚೆಗೆ ಲೆಕ್ಕವಿಲ್ಲ. ಕಾಲ ಗೊತ್ತಾದರೆ ಧರ್ಮದ ಮೂಲಪುರುಷ ಯಾರೆಂದು ಗೊತ್ತಾಗುತ್ತದೆ: ಪಂಚಾಚಾರ್ಯರೋ, ಬಸವಣ್ಣನೋ. ಲಿಂಗಾಯತ ಪ್ರತ್ಯೇಕ ಧರ್ಮವೆಂಬ ಬೇಡಿಕೆಗಾಗಿ 2017ರಲ್ಲಿ ಬೀದರಿನಿಂದ ಮೊದಲ್ಗೊಂಡ ಸಮಾವೇಶಗಳಲ್ಲಿ, ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿಯ ಮುಂದೆ, 2018ರ ಮಾರ್ಚಿನ ಸಂಪುಟ ನಿರ್ಣಯದ ಸುತ್ತ ಈ ಹಸ್ತಪ್ರತಿ ಪ್ರಶ್ನೆ ಅಲ್ಪಸಂಖ್ಯಾತ ಸ್ಥಾನಮಾನದ ಪ್ರಶ್ನೆಯಾಯಿತು. ಗ್ರಂಥದ ಕಾಲನಿರ್ಣಯ ಇಷ್ಟು ಜನರ ನಿದ್ದೆ ಕೆಡಿಸಿದ್ದು ಕನ್ನಡ ಸಂಶೋಧನೆಯ ಚರಿತ್ರೆಯಲ್ಲಿ ಅಪರೂಪ. ಲಿಪಿತಜ್ಞರಿಗೆ ಇದರಿಂದ ಸಂತೋಷವಾಯಿತೋ ಭಯವಾಯಿತೋ ತಿಳಿಯದು.

ಜತ್ತ, ವಿಜಾಪುರ, ಸೋಲಾಪುರದ ಈ ಸೀಮೆಯಲ್ಲೇ ಶಾಸ್ತ್ರಾರ್ಥದ ಜಗಳವನ್ನು ಪಳಗಿಸಿದ ಒಂದು ಕಲೆಯಿದೆ. ಅದು ಹರದೇಶಿ–ನಾಗೇಶಿ. ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎನ್ನುವವರು. ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎನ್ನುವವರು. ಮರಾಠಿ ಶಾಹಿರರ ಕಲ್ಗಿ–ತುರಾ ಇದರ ಒಡಹುಟ್ಟು. ಕಲ್ಗಿ ಶಕ್ತಿಯದು, ತುರಾ ಶಿವನದು. ದಪ್ಪು, ತುಂತುಣಿ, ತಾಳ ಹಿಡಿದು ಎರಡು ಮೇಳಗಳು ರಾತ್ರಿಯಿಡೀ ಎದುರುಬದುರು ನಿಲ್ಲುತ್ತವೆ. ಒಬ್ಬರು ಪುರಾಣದಿಂದ ಒಂದು ತೊಡಕು ಹಾಕಿ ಸವಾಲು ಎಸೆದರೆ, ಇನ್ನೊಬ್ಬರು ಅದನ್ನು ಬಿಡಿಸಿ ಜವಾಬು ಕೊಟ್ಟು ಮರುಸವಾಲು ಹಾಕಬೇಕು. ಹಲಸಂಗಿಯ ಖಾಜಾಭಾಯಿಯಂಥವರು ಲಾವಣಿ ಕಟ್ಟಿದ ಸೀಮೆ ಇದು. ಹಲಸಂಗಿ ಗೆಳೆಯರು ಇಂಥ ಲಾವಣಿಗಳನ್ನು 1933ರಲ್ಲಿ ‘ಜೀವನ ಸಂಗೀತ’ದಲ್ಲಿ ಕೂಡಿಸಿದರು. ಮುಸ್ಲಿಂ ಕವಿಯೊಬ್ಬ ಶಿವ–ಶಕ್ತಿಯರ ಹೆಚ್ಚುಕಡಿಮೆಯನ್ನು ತೂಗಿದರೆ ಅಧಿಕಾರ ಎಲ್ಲಿಂದ ಬಂತೆಂದು ಕಣದಲ್ಲಿ ಕೇಳುವುದಿಲ್ಲ. ಜವಾಬು ಬಂತೋ ಇಲ್ಲವೋ ಅಷ್ಟೇ.

ಅಲ್ಲಿ ಜಗಳಕ್ಕೆ ಇತ್ಯರ್ಥ ಮಾಡುವ ಕೆಲಸವಿಲ್ಲ. ನಾಗೇಶಿ ಗೆದ್ದ ರಾತ್ರಿಯ ಮರುದಿನ ಯಾರ ಗುಡಿಯೂ ಕೈ ಬದಲಾಗುವುದಿಲ್ಲ. ಮೇಳ ಮುಂದಿನ ಊರಿಗೆ ಹೋಗಿ ಅದೇ ಸವಾಲನ್ನು ಮತ್ತೆ ಎತ್ತುತ್ತದೆ. ಎತ್ತದಿದ್ದರೆ ಅದಕ್ಕೆ ಹೊಟ್ಟೆಪಾಡಿಲ್ಲ. ಹೆಣ್ಣು ಹೆಚ್ಚೆಂದು ಬೆಳತನಕ ಸಾಧಿಸಿದವರ ಮನೆಯಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಕೇಳಬಹುದು, ಕೇಳಬೇಕು ಕೂಡ. ವಾದವನ್ನು ಕಣದೊಳಗೆ ಇಟ್ಟುಕೊಂಡದ್ದೇ ಅದಕ್ಕೆ ಅಷ್ಟು ಸ್ವಾತಂತ್ರ್ಯ ಕೊಟ್ಟಿತು, ಅಷ್ಟು ನಿರುಪದ್ರವಿಯನ್ನಾಗಿಯೂ ಮಾಡಿತು.

ಗಡಿಯ ಭಾಷೆ ಇನ್ನೊಂದು ತೊಡಕನ್ನು ಕೂಡಿಸುತ್ತದೆ. ಜತ್ತ ತಾಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರಿಂದ ಬೆಳೆದ ಇಂಚಗೇರಿ ಸಂಪ್ರದಾಯದಲ್ಲಿ ಕನ್ನಡ ನಾಲಗೆಗಳು ಮರಾಠಿಯ ‘ದಾಸಬೋಧ’ವನ್ನು ನಿತ್ಯ ಓದುತ್ತವೆ, ಅಭಂಗದ ಬೆನ್ನಿಗೆ ಕನ್ನಡ ಪದ ಹಾಡುತ್ತವೆ. ನಿಂಬಾಳದ ಗುರುದೇವ ರಾನಡೆಯವರು ಕನ್ನಡ, ಮರಾಠಿ ಸಂತರನ್ನು ಒಂದೇ ಅನುಭವದ ಸಾಕ್ಷಿಗಳೆಂದು ಓದಿದ್ದು ಈ ನೆಲದ ರೂಢಿಯಿಂದಲೇ. ಆದರೆ ಎಲ್ಲ ಮಾತೂ ಗಡಿ ದಾಟುವುದಿಲ್ಲ. ವಚನದ ‘ಬಯಲು’ ಮರಾಠಿಗೆ ಹೋಗುವಾಗ ‘ಶೂನ್ಯ’ವಾದರೆ ಒಂದು ದರ್ಶನ, ‘ಆಕಾಶ’ವಾದರೆ ಇನ್ನೊಂದು. ಮಳೆಗಾಗಿ ಮುಗಿಲು ನೋಡುವ ಈ ಸೀಮೆಯ ಒಕ್ಕಲಿಗನಿಗೆ ಬಯಲು ಕಾಲ ಕೆಳಗಿನ ಬೋಳು ನೆಲ. ಮೂವರಿಗೂ ಪಠ್ಯ ಸ್ಪಷ್ಟವಾಗಿಯೇ ಇದೆ. ಹೀಗಿದ್ದೂ ಇದರ ಮೇಲೆ ಜಗಳವಾಗಿಲ್ಲ, ಏಕೆಂದರೆ ಬಯಲಿಗೆ ಯಾರೂ ವಾರಸುದಾರರಿಲ್ಲ.

ವಾರಸುದಾರರಿರುವ ಸಿದ್ಧರಾಮನ ಸಂಗತಿ ಬೇರೆ. ಪ್ರತಿ ಜನವರಿಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಸೋಲಾಪುರದ ಗಡ್ಡೆಯ ಜಾತ್ರೆ. ಎತ್ತರದ ನಂದಿಧ್ವಜಗಳು ಅವನು ಸ್ಥಾಪಿಸಿದನೆನ್ನುವ 68 ಲಿಂಗಗಳಿಗೆ ಊರು ಸುತ್ತಿ ಎಣ್ಣೆಮಜ್ಜನಕ್ಕೆ ಹೋಗುತ್ತವೆ. ಸಮ್ಮತಿ ಕಟ್ಟೆಯ ಮುಂದೆ ಅಕ್ಷತೆ ಬೀಳುತ್ತದೆ. ಜಾತ್ರೆಗೆ ಹೋದ ಜನರಲ್ಲಿ ಕೊರಳಿಗೆ ಇಷ್ಟಲಿಂಗ ಕಟ್ಟಿದವರೂ ಇದ್ದಾರೆ, ಕಟ್ಟದವರೂ ಇದ್ದಾರೆ. ಅವನಿಗೆ ದೀಕ್ಷೆ ಆಯಿತೋ ಇಲ್ಲವೋ ಎಂಬ ನಾಲ್ಕು ಸಂಪಾದನೆಗಳ ಪ್ರಶ್ನೆ ಆ ಧ್ವಜಗಳ ಹಿಂದೆ ಹಿಂದೆಯೇ, ಯಾರ ಕಾಲಿಗೂ ತೊಡರದೆ, 68 ಕಡೆಯೂ ನಿಂತು ನಿಂತು ನಡೆಯುತ್ತದೆ.