ಆಂಟ್ರಿಕ್ಸ್–ದೇವಾಸ್ ಒಪ್ಪಂದ: ಏನು, ಎತ್ತ?

ಇಸ್ರೋದ ವಾಣಿಜ್ಯ ಅಂಗವಾಗಿ 1992ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಆಂಟ್ರಿಕ್ಸ್, 2005ರ ಜನವರಿ 28ರಂದು ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಎಂಬ ಖಾಸಗಿ ಕಂಪನಿಯೊಂದಿಗೆ ಮಾಡಿಕೊಂಡ ಉಪಗ್ರಹ ಗುತ್ತಿಗೆ ಕರಾರು ಇದು. ದೇವಾಸ್ ಸ್ಥಾಪನೆಯಾದುದು 2004ರ ಡಿಸೆಂಬರ್‌ನಲ್ಲಿ. ಸಹಿ ಬಿದ್ದ ದಿನ ಕಂಪನಿಗೆ ಎರಡು ತಿಂಗಳೂ ತುಂಬಿರಲಿಲ್ಲ!

ಕರಾರಿನಂತೆ ಜಿಸ್ಯಾಟ್-6 ಮತ್ತು 6ಎ ಉಪಗ್ರಹಗಳ ಟ್ರಾನ್ಸ್‌ಪಾಂಡರ್ ಸಾಮರ್ಥ್ಯದ ಶೇ 90ರಷ್ಟು ಭಾಗ 12 ವರ್ಷಗಳ ಅವಧಿಗೆ, ಸುಮಾರು 30 ಕೋಟಿ ಡಾಲರ್‌ಗೆ ದೇವಾಸ್‌ಗೆ ಸಲ್ಲಬೇಕಿತ್ತು. ಜೊತೆಗೆ ಎಸ್-ಬ್ಯಾಂಡ್‌ನ 70 ಮೆಗಾಹರ್ಟ್ಸ್ ತರಂಗಾಂತರ, ಅದೂ ಹರಾಜಿಲ್ಲದೆ. ಮೊಬೈಲ್ ಸಾಧನಗಳಿಗೆ ಉಪಗ್ರಹದ ಮೂಲಕ ಮಲ್ಟಿಮೀಡಿಯಾ ಸೇವೆ ನೀಡುವುದು ಕಂಪನಿಯ ಯೋಜನೆಯಾಗಿತ್ತು.

ರಕ್ಷಣಾ ಪಡೆಗಳಿಗೇ ಈ ತರಂಗಾಂತರ ಅಗತ್ಯವೆಂಬ ಕಾರಣದಿಂದ 2011ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ ಒಪ್ಪಂದವನ್ನು ರದ್ದುಪಡಿಸಲು ನಿರ್ಧರಿಸಿತು. ವ್ಯಾಜ್ಯದ ಮೂಲವಿರುವುದು ಇಲ್ಲಿಯೇ. ಸರ್ಕಾರದ ತೀರ್ಮಾನವನ್ನು ಆಂಟ್ರಿಕ್ಸ್, ಕರಾರಿನಲ್ಲಿದ್ದ ‘ಫೋರ್ಸ್ ಮೆಜ್ಯೂರ್’ ಷರತ್ತಿನಡಿ, ಅಂದರೆ ತನ್ನ ಕೈಮೀರಿದ ಸನ್ನಿವೇಶವೆಂದು ತೋರಿಸಿತು. ಆದರೆ ಅಂದು ಇಸ್ರೋ ಅಧ್ಯಕ್ಷರೇ ಆಂಟ್ರಿಕ್ಸ್‌ನ ಅಧ್ಯಕ್ಷರೂ ಆಗಿದ್ದರು. ಒಂದೇ ಮನೆಯೊಳಗಿನ ನಿರ್ಧಾರ ಹೊರಗಿನ ವಿಪತ್ತಾಗುವುದು ಹೇಗೆಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯ (ಐಸಿಸಿ) ಮಧ್ಯಸ್ಥಿಕೆ ನ್ಯಾಯಮಂಡಳಿ ಈ ವಾದವನ್ನು ಒಪ್ಪದೆ, 2015ರಲ್ಲಿ 56.25 ಕೋಟಿ ಡಾಲರ್ ಹಾಗೂ ಬಡ್ಡಿ ನೀಡುವಂತೆ ಆಂಟ್ರಿಕ್ಸ್‌ಗೆ ಆದೇಶಿಸಿತು.

ದೇವಾಸ್‌ನ ವಿದೇಶಿ ಹೂಡಿಕೆದಾರರು ಮಾರಿಷಸ್ ಮತ್ತು ಜರ್ಮನಿಯೊಂದಿಗಿನ ಹೂಡಿಕೆ ಒಪ್ಪಂದಗಳಡಿ ಪ್ರತ್ಯೇಕ ದಾವೆ ಹೂಡಿದರು. ಎರಡರಲ್ಲೂ ಭಾರತ ಹೊಣೆಯೆಂದು ತೀರ್ಮಾನವಾಯಿತು. ಮಾರಿಷಸ್ ಪ್ರಕರಣದಲ್ಲಿ ಮಾತ್ರ ತರಂಗಾಂತರದ ಶೇ 60 ಭಾಗದ ಮಟ್ಟಿಗೆ ಭದ್ರತೆಯ ವಾದ ಅಂಗೀಕೃತವಾಯಿತು.

ಸ್ವದೇಶದ ನ್ಯಾಯಾಲಯಗಳಲ್ಲಿ ಪ್ರಕರಣ ಬೇರೆಯೇ ತಿರುವು ಪಡೆಯಿತು. ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ 2021ರ ಮೇ ತಿಂಗಳಲ್ಲಿ ದೇವಾಸ್ ಸಮಾಪನೆಗೆ ಆದೇಶಿಸಿತು. ಕಂಪನಿಯ ಹುಟ್ಟಿನಲ್ಲೇ ವಂಚನೆಯಿದೆ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2022ರ ಜನವರಿ 17ರಂದು ಎತ್ತಿಹಿಡಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಐಸಿಸಿ ತೀರ್ಪನ್ನು ರದ್ದುಪಡಿಸಿತು. ಹತ್ತು ವರ್ಷ ಒಪ್ಪಂದದ ಷರತ್ತುಗಳ ಮೇಲೆಯೇ ವಾದಿಸಿ, ಬಳಿಕ ಒಪ್ಪಂದದ ಬುಡಕ್ಕೇ ಕೈಹಾಕಿದ ಕ್ರಮ ತಡವಾದುದೆಂಬುದನ್ನು ಅಲ್ಲಗಳೆಯಲಾಗದು.

ಉಪಗ್ರಹಗಳ ಪೈಕಿ ಜಿಸ್ಯಾಟ್-6 2015ರಲ್ಲಿ ಕಕ್ಷೆ ಸೇರಿತು. 2018ರ ಮಾರ್ಚ್‌ನಲ್ಲಿ ಉಡಾವಣೆಗೊಂಡ 6ಎ ಕೆಲವೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು.

ಐಸಿಸಿ ತೀರ್ಪಿನ ಆಧಾರದಲ್ಲಿ ಅಮೆರಿಕದ ಸಿಯಾಟಲ್ ನ್ಯಾಯಾಲಯ 2020ರಲ್ಲಿ ಬಡ್ಡಿ ಸೇರಿ ಸುಮಾರು 129 ಕೋಟಿ ಡಾಲರ್‌ಗೆ ಡಿಕ್ರಿ ನೀಡಿತ್ತು. ಆಂಟ್ರಿಕ್ಸ್‌ಗೆ ಅಮೆರಿಕದೊಂದಿಗೆ ಸಾಕಷ್ಟು ನಂಟಿಲ್ಲವೆಂದು ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆ ಕಾಯ್ದೆಯಡಿ ಅಂಥ ನಂಟಿನ ಪುರಾವೆ ಬೇಕಿಲ್ಲವೆಂದ ಅಮೆರಿಕ ಸುಪ್ರೀಂ ಕೋರ್ಟ್, 2025ರ ಜೂನ್ 5ರಂದು ಪ್ರಕರಣವನ್ನು ಕೆಳ ನ್ಯಾಯಾಲಯಕ್ಕೆ ಮರಳಿಸಿತು.